ಬಿಸಿನೀರಿನ ಲೋಟ

ಐರೋಲಿಯ ಹೋಟೆಲಿನಲ್ಲಿ ಮೊನ್ನೆ ಇಡ್ಲಿಗಿಂತ ಮೊದಲು ಬಂದದ್ದು ಬಿಸಿನೀರಿನ ಲೋಟ. ಒಳಗೆ ಎರಡು ಚಮಚ, ಮೇಲೆ ತೆಳ್ಳಗೆ ಹಬೆ. ನೀವೂ ನೋಡಿರುತ್ತೀರಿ, ನಮ್ಮ ಕರಾವಳಿಯವರ ಹೋಟೆಲುಗಳಲ್ಲಿ ಚಮಚವನ್ನು ಹೀಗೆ ಮುಳುಗಿಸಿ ತಂದರೇನೇ ಅದು ಶುದ್ಧ. ಬೇರೆಯವರು ಚಮಚ ಎತ್ತಿಕೊಂಡು ತಿನ್ನುತ್ತಾರೆ. ನಾನು ಲೋಟ ನೋಡುತ್ತ ಕೂತೆ. ನಾಲಗೆ ತಾನಾಗಿ ಮುಂದಿನ ಓರೆ ಹಲ್ಲನ್ನು ಸವರಿತು. ಅದೇ ಹಲ್ಲನ್ನು ತೋರಿಸಲು ಸೀವುಡ್ಸಿನ ದಂತವೈದ್ಯರ ಬಳಿ ಹೊರಟಿದ್ದೆ.

ಹಲ್ಲು ನನಗೆ ಅಪ್ಪನ ಬಳುವಳಿ. ಕುಂದಾಪುರದ ಕಡೆಯಿಂದ ಬಂದು ಥಾಣೆಯ ಹೋಟೆಲೊಂದರಲ್ಲಿ ಚಮಚ ತೊಳೆಯುವುದರಿಂದ ಶುರುಮಾಡಿ ಗಲ್ಲಾದವರೆಗೆ ಏರಿದವರು ಅವರು. ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ನಾನೂ ಹಾಗೇ ಮಾಡತೊಡಗಿದಾಗ, "ನೀನ್ ಬಾಯಿ ಮುಚ್ಚಿ ನೆಗಾಡುದ್ ಬ್ಯಾಡ ಮಗಾ" ಎಂದು ಡೊಂಬಿವಲಿಯ ದಂತವೈದ್ಯರ ಬಳಿ ಕರೆದೊಯ್ದರು. ನಮ್ಮ ಬಿಲ್ಡಿಂಗಿನಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡ ಮೊದಲ ಹುಡುಗಿ ನಾನೇ. ಮಕ್ಕಳೆಲ್ಲ ಸರದಿಯಲ್ಲಿ ಬಂದು ನನ್ನ ಬಾಯೊಳಗೆ ಇಣುಕಿ ಹೋದರು.

ತಂತಿ ತೆಗೆದ ಮೇಲೆ ಹಲ್ಲು ಹಿಂದಕ್ಕೆ ಸರಿಯದಂತೆ ರಾತ್ರಿ ಹಾಕಿಕೊಳ್ಳಲು ರಿಟೇನರ್ ಕೊಟ್ಟರು. ಹಲ್ಲಿನದೇ ಅಚ್ಚಿನ ತೆಳು ಪ್ಲಾಸ್ಟಿಕ್ಕು. ಹಾಕಿಕೊಂಡು ಮಾತಾಡಿದರೆ ಬಾಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡ ಹಾಗೆ. ಅದನ್ನು ತೊಳೆಯುವ ಕೆಲಸವನ್ನು ಅಪ್ಪ ತಾವಾಗಿ ವಹಿಸಿಕೊಂಡರು. ಬೆಳಿಗ್ಗೆ ಲೋಕಲ್ ಹಿಡಿಯುವ ಮುಂಚೆ ಸ್ಟೀಲಿನ ಲೋಟಕ್ಕೆ ಬಿಸಿನೀರು ಬಗ್ಗಿಸಿ, ರಿಟೇನರನ್ನು ಅದರಲ್ಲಿ ಇಳಿಬಿಡುತ್ತಿದ್ದರು.

"ಅದೆಂತ, ಚಮಚವಾ?" ಎಂದು ಅಮ್ಮ ಛೇಡಿಸುತ್ತಿದ್ದಳು.

"ಬಾಯಿಗ್ ಹೋಪ್ ವಸ್ತು ಮಾರಾಯ್ತಿ, ತಣ್ಣೀರಲ್ ತೊಳುಕಾಗ."

ದಿನವಿಡೀ ಹೋಟೆಲಿನಲ್ಲೇ ಇರುತ್ತಿದ್ದ ಅಪ್ಪ ನನಗೆಂದು ಮಾಡುತ್ತಿದ್ದ ಕೆಲಸ ಅದೊಂದೇ. ಅರ್ಧ ನಿದ್ದೆಯಲ್ಲಿ ಅವರು ಆ ಲೋಟದಲ್ಲಿ ಚಮಚ ಅಲ್ಲಾಡಿಸುವ ಸದ್ದು ಕೇಳಿದರೆ ನನಗೆ ಸಮಾಧಾನವಾಗುತ್ತಿತ್ತು.

ಕೆಲವು ತಿಂಗಳಿಗೆ ರಿಟೇನರ್ ಕೂರದಾಯಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು, ಒಸಡು ಕಚ್ಚುತ್ತಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಬಿಸಿನೀರಿಗೆ ಹಾಕಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ಕೇಳಿದ್ದು ನನ್ನನ್ನು.

"ಮೀಚ್," ಎಂದರು ಅಪ್ಪ, ತಮ್ಮ ಗಲ್ಲಾದ ಮರಾಠಿಯಲ್ಲಿ. "ಮಾಹಿತ್ ನವ್ಹತಂ." ನಾನೇ, ಗೊತ್ತಿರಲಿಲ್ಲ.

ಡಾಕ್ಟರು ನಕ್ಕರು. ಕೆಟ್ಟ ನಗುವೇನಲ್ಲ. ಅಪ್ಪನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸೊಟ್ಟಗಾದದ್ದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

ಹೊಸದು ಬಂತು. ಅಪ್ಪ ಅದನ್ನು ಮುಟ್ಟಲೇ ಇಲ್ಲ. ನಾನು ಬೇಕೆಂದೇ ಅದನ್ನು ಪಾತ್ರೆ ತೊಳೆಯುವ ಮೋರಿಯ ಕಟ್ಟೆಯ ಮೇಲೆ ಬಿಟ್ಟು ನೋಡಿದೆ. ಕೊನೆಗೆ ಬಾಯಿಬಿಟ್ಟೇ ಕೇಳಿದೆ: "ಪಪ್ಪಾ, ಥಂಡಾ ಪಾನಿಯಲ್ಲಿ ತೊಳೆದ್ರೆ ಏನೂ ಆಗಲ್ಲ, ನೀವೇ ತೊಳೀರಿ ನಾ."

"ಬ್ಯಾಡ ಮಗಾ. ನನ್ನದ್ ಬಿಸಿನೀರಿನ್ ಕೈ."

ಹಲ್ಲು ಸೊಟ್ಟಗಾದರೆ ಆಗಲಿ, ಅವರು ತೊಳೆಯಲಿ ಅನಿಸಿತ್ತು ನನಗೆ.

ಮರುವರ್ಷ ಎದೆನೋವೆಂದು ಕಲ್ಯಾಣದ ಆಸ್ಪತ್ರೆ ಸೇರಿದ ಅಪ್ಪ ವಾಪಸು ಬರಲಿಲ್ಲ. ಊರಿನಲ್ಲಿ ಕ್ರಿಯೆಗಳನ್ನೆಲ್ಲ ಮುಗಿಸಿ ಬಂದಾಗ, ಡೊಂಬಿವಲಿಯ ಮನೆಯಲ್ಲೇ ಮರೆತುಹೋಗಿದ್ದ ಹೊಸ ರಿಟೇನರ್ ಕೂರಲೊಲ್ಲದು. ಒತ್ತಿದೆ, ನೋವಾಯಿತು, ತೆಗೆದಿಟ್ಟೆ. ಹಲ್ಲು ಮೆಲ್ಲಗೆ ಅಪ್ಪನದರಂತೆಯೇ ತಿರುಗಿ ನಿಂತಿತು. ಹಳೆಯದು ಅವರ ಶೇವಿಂಗ್ ಡಬ್ಬಿಯಲ್ಲಿ ಸಿಕ್ಕಿತು, ಅದೇ ಕರವಸ್ತ್ರದಲ್ಲಿ.

ಸೀವುಡ್ಸಿನ ಡಾಕ್ಟರು ಚಿಕ್ಕ ವಯಸ್ಸಿನವಳು. ಹಿಂದಿನ ರಿಟೇನರ್ ಇದ್ದರೆ ತನ್ನಿ ಎಂದಿದ್ದಳು. ಎರಡನ್ನೂ ಒಯ್ದಿದ್ದೆ. ಅವಳು ಸೊಟ್ಟಗಾದದ್ದನ್ನೇ ಎತ್ತಿ ಬೆಳಕಿಗೆ ಹಿಡಿದಳು.

"ಅರೇ, ಯೇ ತೋ ಗರಮ್ ಪಾನೀ ಮೇ ಗಯಾ ಹೈ. ಕಿಸ್ನೇ ಡಾಲಾ?" ಅದೇ ಪ್ರಶ್ನೆ, ಹಿಂದಿಯಲ್ಲಿ.

"ಮೈನೇ," ಎಂದೆ. "ಮಾಲೂಮ್ ನಹೀಂ ಥಾ." ನಾನೇ, ಗೊತ್ತಿರಲಿಲ್ಲ.

ಅವಳು ನಕ್ಕಳು. ಕೆಟ್ಟ ನಗುವೇನಲ್ಲ. ನಾನೂ ನಗಲು ಹೋದೆ, ಕೈ ಬಾಯಿಗೆ ಅಡ್ಡ ಬಂತು. ಅಂದು ಅಪ್ಪನಿಗೆ ಎಷ್ಟು ನೋವಾಗಿರಬೇಕೆಂದು ಆ ಕುರ್ಚಿಯಲ್ಲಿ ಕೂತು ತಿಳಿಯಿತು. ಅವಳು ಹಳೆಯದನ್ನು ಕಸದ ಡಬ್ಬಿಯ ಕಡೆ ಒಯ್ಯುತ್ತಿದ್ದಳು. ಬೇಡ, ಕೊಡಿ ಎಂದು ಕೈಚಾಚಿದೆ.