ಬಾಗಿಲ ಹಿಂದಿನ ಭೈರಪ್ಪ

ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ಉಜ್ಜನಪ್ಪನಿಗೆ ಮನೆಯಲ್ಲಿ ಮಾತೇ ಇಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಸುಮ್ಮನೆ ಉಂಡು ಏಳುವ ಆಸಾಮಿ. ಅದೇ ಮನುಷ್ಯ ಬಣ್ಣ ಹಚ್ಚಿ ಸ್ಟೇಜ್ ಹತ್ತಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಾನು ಬದುಕಿರುವುದು ಆ ಅರ್ಧ ಗಂಟೆ ಮಾತ್ರ ಎನ್ನುತ್ತಿದ್ದ. ಅವನ ತಂಡದಲ್ಲಿ ಇಪ್ಪತ್ತು ವರ್ಷ ಹಾರ್ಮೋನಿಯಂ ನುಡಿಸಿದ ನನಗೆ ಅದು ಬಡಾಯಿ ಅನ್ನಿಸಿರಲಿಲ್ಲ.

ಅವನು ಹೆಸರು ಮಾಡಿದ್ದು ಒಂದೇ ಪ್ರಸಂಗದಿಂದ. ಸಂತೆಯಿಂದ ಬಂದ ಗಂಡ ಬಾಗಿಲು ತಟ್ಟುತ್ತಾನೆ. ಹುಣಸೆಹಣ್ಣು, ಬೆಲ್ಲ, ಹೇಳಿದ ಸಾಮಾನು ಒಂದೊಂದೂ ಬಂತೋ ಇಲ್ಲವೋ ಎಂದು ಹೆಂಡತಿ ಒಳಗಿನಿಂದಲೇ ವಿಚಾರಿಸುತ್ತಾಳೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಗಂಡ ಉಜ್ಜನಪ್ಪ, ಆ ಹೆಂಡತಿಯ ದನಿ ನಮ್ಮ ತಂಡದ ಭೈರಪ್ಪನದು. ಬಾಗಿಲ ಹಿಂದೆ ಸ್ಟೂಲಿನ ಮೇಲೆ ಕೂರುತ್ತಿದ್ದ ಅವನನ್ನು ಜನ ಒಮ್ಮೆಯೂ ಕಂಡಿಲ್ಲ. ಅವನಿಗೆ ಕೆಮ್ಮು ಬೇರೆ, ಯಾವ ಮಾತಿನ ನಡುವೆ ಬರುತ್ತದೋ ಹೇಳುವಂತಿರಲಿಲ್ಲ. ಭೈರಪ್ಪನ ಹೆಂಡತಿ ಪುಷ್ಪಮ್ಮ ಫ್ಲಾಸ್ಕಿನಲ್ಲಿ ಕಾಳುಮೆಣಸಿನ ಕಷಾಯ ಕಳಿಸುತ್ತಿದ್ದರು.

ಹೋದ ವರ್ಷ ಭೈರಪ್ಪ ತೀರಿಕೊಂಡ. ಅವನ ಜಾಗಕ್ಕೆ ಬೇರೆಯವರನ್ನು ಕೂರಿಸಲು ಉಜ್ಜನಪ್ಪ ಒಪ್ಪಲಿಲ್ಲ. ಎಂಟು ತಿಂಗಳು ಬಣ್ಣ ಮುಟ್ಟದೆ ಸೊರಗಿದ. ಕೊನೆಗೆ, ಒಬ್ಬನೇ ಆಡಿ ನೋಡುತ್ತೇನೆ, ಆಗದಿದ್ದರೆ ಬಣ್ಣದ ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದ. ಹೆಂಡತಿಯ ಪ್ರಶ್ನೆಗಳನ್ನೂ ಅವನೇ ಹೇಳಿಕೊಂಡು ಉತ್ತರಿಸುವಂತೆ ತಾಲೀಮು ಮಾಡಿದೆವು.

ಶಿವಮೊಗ್ಗದ ಸಣ್ಣ ಸಭಾಂಗಣ, ಭಾನುವಾರ ಸಂಜೆ. ಉಜ್ಜನಪ್ಪ ಬಾಗಿಲು ತಟ್ಟಿದ. ಪ್ರಶ್ನೆ ಹೇಳಲಿಲ್ಲ. ಬಾಗಿಲಿಗೆ ಕಿವಿಯಿಟ್ಟು ನಿಂತುಬಿಟ್ಟ. ಮಾತು ಮರೆತ, ಇನ್ನು ಇವನ ಕಥೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವನ ಮುಖ ಅರಳಿತು.

"ನಾನೇ ಕಣೇ. ಇನ್ಯಾರು ಬರ್ತಾರೆ ಈ ಮನೆಗೆ?"

ಜನ ನಕ್ಕರು. ಕೊನೆಯವರೆಗೂ ಹೀಗೆಯೇ ನಡೆಯಿತು. ಸುಮ್ಮನೆ ಕೇಳಿಸಿಕೊಳ್ಳುವುದು, ಉತ್ತರಿಸುವುದು. ಮುಂದಿನ ಸಾಲಿನಲ್ಲಿದ್ದ ಪುಷ್ಪಮ್ಮ ಮಾತ್ರ ಪ್ರತಿ ಸಲವೂ ಅವನು ಬಾಯಿ ತೆರೆಯುವ ಮೊದಲೇ ಸೆರಗು ಒತ್ತಿಕೊಂಡು ನಗುತ್ತಿದ್ದರು.

ಆಟ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡೆ. ತಾಲೀಮಿನಂತೆ ಯಾಕೆ ಆಡಲಿಲ್ಲ ಎಂದು ಕೇಳಿದೆ.

"ಅವನೇ ಕೇಳ್ತಿರುವಾಗ ನಾನ್ಯಾಕೆ ಕೇಳ್ಕೊಳ್ಲಿ ಮಾರಾಯ? ಹುಣಸೆಹಣ್ಣಿನ ಮಾತಿಗೆ ಕೆಮ್ಮು ಬಂತಲ್ಲ, ಅಲ್ಲಿ ಒಂಚೂರು ಕಾಯ್ಬೇಕಾಯ್ತು."

ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ. ಆಗಲೇ ಪುಷ್ಪಮ್ಮ ಒಳಗೆ ಬಂದರು. ನಮ್ಮ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

"ಮುಂದಿನ ಸಲ ಕಷಾಯ ಮಾಡ್ಕೊಂಡು ಬರ್ತೀನಿ ಅಣ್ಣಾ," ಎಂದರು. "ಹುಣಸೆಹಣ್ಣು ಕೇಳುವಾಗ ಎಷ್ಟು ಕೆಮ್ಮಿದ್ರು, ಪಾಪ."

ಬಣ್ಣದ ಪೆಟ್ಟಿಗೆ ಈಗಲೂ ಉಜ್ಜನಪ್ಪನ ಬಳಿಯೇ ಇದೆ. ಪ್ರತಿ ಆಟಕ್ಕೂ ಬಾಗಿಲ ಹಿಂದೆ ಸ್ಟೂಲು, ಅದರ ಮೇಲೆ ಫ್ಲಾಸ್ಕ್. ಮೊದಮೊದಲು ಆ ಕಡೆ ನೋಡಲೂ ಹೆದರುತ್ತಿದ್ದೆ. ಈಗ ಹಾರ್ಮೋನಿಯಂ ನಿಲ್ಲಿಸಿ ಕಿವಿಗೊಟ್ಟು ಕೂರುತ್ತೇನೆ. ಉಜ್ಜನಪ್ಪ, ಪುಷ್ಪಮ್ಮ ಇಬ್ಬರ ನಗುಮುಖ ನೋಡಿ ಹೊಟ್ಟೆ ಉರಿಯುತ್ತದೆ. ಇಪ್ಪತ್ತು ವರ್ಷ ನಾನೂ ಭೈರಪ್ಪನ ಜೊತೆಗೇ ಇದ್ದವನು, ನನಗೆ ಒಂದು ಸಲವೂ ಕೇಳಿಸಿಲ್ಲ.