ವರಾಂಡದ ಕೆಮ್ಮು

ಗೋಡೆಯ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ನನ್ನ ಕಾಲು ಮಾತ್ರ ಹಳೆಯ ಜಾಗದಲ್ಲೇ ನಿಂತುಬಿಟ್ಟಿತು. ಕೊಪ್ಪದ ಈ ಸಾಹೇಬರ ಬಂಗಲೆ ಈಗ ಕಲಾಕೇಂದ್ರ. ಯಾರು ಬೇಕಾದರೂ ಒಳಗೆ ಹೋಗಬಹುದು. ಸಾಹೇಬರ ಮೇಜು ಇದ್ದ ಕೋಣೆಯಲ್ಲಿ ನನ್ನ ಹೆಂಡತಿ ತಂಬೂರಿ ಶ್ರುತಿ ಮಾಡುತ್ತಿದ್ದಾಳೆ. ನಾನೋ, ವರಾಂಡದಲ್ಲಿ ಚಪ್ಪಲಿ ಕಳಚುವುದು, ಮತ್ತೆ ಮೆಟ್ಟುವುದು, ಇದೇ ಕೆಲಸದಲ್ಲಿದ್ದೇನೆ.

ನಗಬೇಡಿ. ಗುಮಾಸ್ತನಾಗಿ ವರ್ಷಗಟ್ಟಲೆ ಇಲ್ಲಿಗೆ ಕಡತ ಹೊತ್ತವನು ನಾನು. ಬಾಗಿಲು ತಟ್ಟಿದರೆ ಉದ್ಧಟತನ, ಕೂಗಿ ಕರೆಯುವುದಂತೂ ದೂರದ ಮಾತು. ವರಾಂಡದಲ್ಲಿ ನಿಂತು ಒಂದು ಕೆಮ್ಮು ಕೆಮ್ಮಬೇಕು. ಒಳಗಿನಿಂದ "ಹ್ಞೂಂ" ಬಂದರೆ ಹೋಗಬೇಕು, ಬಾರದಿದ್ದರೆ ಕಾಯಬೇಕು. ನನ್ನದು ಹೆಸರಾದ ಕೆಮ್ಮು. ಜೋರೂ ಅಲ್ಲ, ತೀರಾ ಮೆಲ್ಲಗೂ ಅಲ್ಲ. ಅದರ ಬಗ್ಗೆ ಸಣ್ಣ ಜಂಬವೂ ಇತ್ತು.

ಜಂಬ ಇಳಿದದ್ದು ಒಂದು ಮಧ್ಯಾಹ್ನ. ಶೃಂಗೇರಿಯಲ್ಲಿ ನನ್ನ ಹೆಂಡತಿಯ ಮೊದಲ ಸಂಗೀತ ಕಚೇರಿ. ಮೂರು ಗಂಟೆಯ ಬಸ್ಸು. "ಒಂದು ರುಜು ಹಾಕಿಸಿಕೊಂಡು ಬಂದೆ" ಎಂದು ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಇಲ್ಲಿಗೆ ಬಂದೆ. ಕೆಮ್ಮಿದೆ. ಕಾದೆ. ಮತ್ತೆ ಕೆಮ್ಮಿದೆ. ಮೂರೂವರೆಗೆ ಅಡುಗೆಯವನು ಇಣುಕಿ, "ಎಂತ ಮಾರಾಯ, ಸಾಹೇಬ್ರು ಆಗ್ಲೇ ಹಿಂದಿನ ಬಾಗ್ಲಿಂದ ಹೋದ್ರಲ್ಲ. ಯಾರಿಗೆ ಕೆಮ್ತಾ ಇದೀಯ?" ಎಂದ.

ಖಾಲಿ ಕೋಣೆಗೆ ಮರ್ಯಾದೆ ಕೊಡುತ್ತ ನಿಂತಿದ್ದೆ! ನನ್ನ ಕಚೇರಿ ಅವಳ ಕಚೇರಿಯನ್ನು ತಿಂದುಹಾಕಿತು ನೋಡಿ. ಅವಳು ನನ್ನನ್ನು ಬಿಟ್ಟು ಬಸ್ಸು ಹತ್ತಿರಲಿಲ್ಲ. "ಹೋಗ್ಲಿ ಬಿಡಿ" ಎಂದಳು, ಅಷ್ಟೇ. ಆಮೇಲೆ ಯಾರು ಕರೆದರೂ ವೇದಿಕೆ ಹತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ "ಹೋಗ್ಲಿ ಬಿಡಿ" ಇವತ್ತಿಗೂ ನನ್ನನ್ನು ಕೂತಲ್ಲಿ ಕೂರಗೊಡುವುದಿಲ್ಲ.

ಈ ಕೇಂದ್ರದವರು ಕರೆದಾಗ ಮಾತ್ರ, "ಸಾಹೇಬ್ರ ಕೋಣೇಲಾದ್ರೆ ಹಾಡ್ತೇನೆ" ಎಂದುಬಿಟ್ಟಳು.

ಹಾಡು ಶುರುವಾಯಿತು. ಬಾಗಿಲಲ್ಲಿದ್ದ ಹುಡುಗಿ, "ಒಳಗೆ ಹೋಗಿ ಸಾರ್, ಯಾರೂ ಎಂತದೂ ಹೇಳೋದಿಲ್ಲ" ಎಂದಳು. ಹೊಸ್ತಿಲ ತನಕ ಹೋದೆ. ಹಾಳು ಗಂಟಲು, ಕೆಮ್ಮಿಯೇಬಿಟ್ಟಿತು.

ಹಾಡು ನಿಂತಿತು. ಕೂತವರೆಲ್ಲ ತಿರುಗಿ ನೋಡಿದರು. ಎರಡನೆಯ ಸಲವೂ ಕೆಡಿಸಿದೆನಲ್ಲ ಎಂದು ಒಂದು ಹೆಜ್ಜೆ ಹಿಂದಿಟ್ಟೆ. ಅವಳು ತಂಬೂರಿಯಿಂದ ಕೈ ತೆಗೆಯದೆ, ಸಾಹೇಬರದೇ ಗತ್ತಿನಲ್ಲಿ, "ಹ್ಞೂಂ" ಎಂದಳು.

ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಅವಳು ಮೊದಲಿನಿಂದ ಹಾಡಿದಳು.