ಮೇಲೆ ಯಾರು, ಕೆಳಗೆ ಯಾರು

ಹಸಿ ಪೈನ್ ಮರದ ವಾಸನೆಗೂ ನನ್ನ ಮಾವನವರಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಇದೆ. ಸ್ವಲ್ಪ ಸಮಾಧಾನವಾಗಿ ಕೂತರೆ ಹೇಳುತ್ತೇನೆ. ಈ ಶನಿವಾರ ಬೆಳಿಗ್ಗೆ ನಾನು ಮಕ್ಕಳ ಕೋಣೆಯ ನೆಲದ ಮೇಲೆ ಕೂತು, ಹೊಸದಾಗಿ ತಂದ ಎರಡಂತಸ್ತಿನ ಮಂಚ ಜೋಡಿಸುತ್ತಿದ್ದೆ. ಟೆಕ್ಸಸ್‌ನಲ್ಲಿ ಅಂಗಡಿಯವರು ಮಂಚ ಮಾರುವುದಿಲ್ಲ ಸ್ವಾಮಿ. ಹಲಗೆ, ಸ್ಕ್ರೂ, ಅದನ್ನು ತಿರುಗಿಸಲು ಒಂದು ಡೊಂಕು ಕೀಲಿ ಎಲ್ಲವನ್ನೂ ಡಬ್ಬಕ್ಕೆ ತುಂಬಿ, ಮಂಚ ಇದರೊಳಗೇ ಎಲ್ಲೋ ಇದೆ, ಹುಡುಕಿಕೋ ಎಂದು ಕಳಿಸಿಬಿಡುತ್ತಾರೆ. ಡಬ್ಬ ಬಿಚ್ಚಿದ ಕೂಡಲೇ ಹೊಸ ಮರದ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಪ್ರಾಗ್ ಊರಿನ ಒಂದು ಹಳೆಯ ಕಲ್ಲುಕಟ್ಟಡದೊಳಗೆ, ಹೊಚ್ಚಹೊಸ ಮಂಚಗಳಿಂದ ಬರುತ್ತಿದ್ದದ್ದು ಇದೇ ವಾಸನೆ.

ನನ್ನ ಬೆನ್ನ ಹಿಂದೆ ಇಬ್ಬರು ಹೆಣ್ಣುಮಕ್ಕಳ ಯುದ್ಧ ನಡೆದಿತ್ತು. ದೊಡ್ಡವಳು ಅನಘಾ, ಚಿಕ್ಕವಳು ಸಿರಿ. ಇಬ್ಬರಿಗೂ ಮೇಲಿನ ಮಂಚವೇ ಬೇಕು. "ಜಗಳ ಆಡಬ್ಯಾಡ್ರೇ, ಇನ್ನೂ ಮಂಚನ ಆಗಿಲ್ಲ" ಎಂದು ನಾನು ಕೂಗಿದರೆ, "ಬಟ್ ಅಪ್ಪಾ, ಐ ಸೆಡ್ ಇಟ್ ಫಸ್ಟ್!" ಎಂದು ಇಬ್ಬರೂ ಒಟ್ಟಿಗೇ ಇಂಗ್ಲಿಷಿನಲ್ಲಿ ಕೂಗುತ್ತಾರೆ. ಮೇಲಿನ ಮಂಚ ಬೇಕೆಂದು ಜಗಳವಾಡುವವರನ್ನು ಲೋಕ ಕಂಡಿದೆ. ಮೇಲಿನ ಮಂಚ ಬೇಡವೇ ಬೇಡ ಎಂದು ಇಬ್ಬರು ಗಂಡಸರು ಹಠ ಹಿಡಿದು ನಿಂತದ್ದನ್ನು ನೀವು ಕಂಡಿರಲಾರಿರಿ. ಆ ಇಬ್ಬರಲ್ಲಿ ಒಬ್ಬ ನಾನು.

ನಾನು ಹುಬ್ಬಳ್ಳಿಯವನು. ಹ್ಯೂಸ್ಟನ್‌ನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯಲ್ಲಿ ಒಂದು ಎಣ್ಣೆ ಕಂಪನಿಯ ಕಂಪ್ಯೂಟರುಗಳನ್ನು ಕಾಯುವ ಕೆಲಸ, ಸ್ಟಾಫರ್ಡ್ ಹತ್ತಿರ ಮನೆ. ಹೆಂಡತಿ ಸುಧಾ ಮೈಸೂರಿನವಳು. ಆಸ್ಟಿನ್‌ನಲ್ಲಿ ಇಬ್ಬರೂ ಓದುತ್ತಿದ್ದಾಗ ಪರಿಚಯವಾಗಿ, ಜಗಳವಾಗಿ, ಪ್ರೀತಿಯಾಗಿ, ಕೊನೆಗೆ ಅಲ್ಲಿನ ಕೋರ್ಟಿನಲ್ಲೇ ಮದುವೆಯಾದೆವು. ಅವರ ಮನೆತನ ಬೇರೆ, ನಮ್ಮದು ಬೇರೆ. ಮಾವನವರು ಬೇಡವೆನ್ನಲಿಲ್ಲ, ಬರಲೂ ಇಲ್ಲ. ಮದುವೆಯಲ್ಲಿ ಹೆಣ್ಣಿನ ತಂದೆ ಅಳಿಯನ ಕಾಲು ತೊಳೆದು ಮಗಳನ್ನು ಧಾರೆಯೆರೆದು ಕೊಡುವುದುಂಟಲ್ಲ, ನನ್ನ ಕಾಲಿಗೆ ಆ ಭಾಗ್ಯವಿರಲಿಲ್ಲ. ನಮ್ಮ ಮದುವೆ ಮಾಡಿಸಿದ ಜಡ್ಜ್ ಸಾಹೇಬರು ಕರಿ ನಿಲುವಂಗಿಯ ಕೆಳಗೆ ಕೌಬಾಯ್ ಬೂಟು ಹಾಕಿದ್ದರು, ನಾನೂ ಬೂಟಿನಲ್ಲೇ ಇದ್ದೆ. ಮೈಸೂರಿನಿಂದ ಸುಧಾಳಿಗೆ ರೇಷ್ಮೆ ಸೀರೆ ಬಂತು, ನನಗೆ ಪಂಚೆ ಬರಲಿಲ್ಲ. ಪಂಚೆ ಉಡಲು ನನಗೆ ಬರುವುದಿಲ್ಲ, ಆ ಮಾತು ಬೇರೆ. ಆದರೂ ಬರಲಿಲ್ಲ ಎಂಬುದು ಮನಸ್ಸಿನಲ್ಲಿ ಕೂತಿತು.

ಮದುವೆಯಾಗಿ ಒಂದೆರಡು ವರ್ಷದ ಮೇಲೆ ಮಾವನವರು ಟೆಕ್ಸಸ್‌ಗೆ ಬಂದರು. ಅತ್ತೆ ಸುಧಾಳ ತಂಗಿಯ ಬಾಣಂತನಕ್ಕೆ ನಿಂತಿದ್ದರಿಂದ ಒಬ್ಬರೇ ಬಂದರು. ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಮನೆಯೊಳಗೆ ಕಾಲಿಟ್ಟವರು ಮೊದಲು ನೋಡಿದ್ದು ಗ್ಯಾರೇಜಿನ ಫ್ಯೂಸ್ ಡಬ್ಬವನ್ನು, ಆಮೇಲೆ ನನ್ನನ್ನು. ಒಂದು ಒರಟು ಮಾತು ಆಡಿದವರಲ್ಲ. "ನೀವು ಕೂತ್ಕೊಳಿ, ನೀವು ಮೊದಲು ಬಡಿಸ್ಕೊಳಿ, ನಿಮಗೆ ಯಾಕೆ ತೊಂದರೆ" ಎಂದು ದಿನವಿಡೀ ಮರ್ಯಾದೆ. ಅಯ್ಯೋ, ಆ ಮರ್ಯಾದೆ! ನಮ್ಮ ಹುಬ್ಬಳ್ಳಿ ಕಡೆ ಸಿಟ್ಟು ಬಂದರೆ ಬೈದು ಮುಗಿಸುತ್ತಾರೆ, ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಮೈಸೂರಿನ ಈ ಮರ್ಯಾದೆಯೊಳಗೆ ಬೆರಳು ತೂರಿಸುವಷ್ಟು ಸಂದಿಯೂ ನನಗೆ ಸಿಗಲಿಲ್ಲ.

ಒಮ್ಮೆ ಡಲ್ಲಾಸ್ ಪಕ್ಕದ ಮರ್ಫಿಯಲ್ಲಿ ಸುಧಾಳ ಗೆಳತಿಯ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದೆವು. ಅರ್ಧ ದಿನ ಡ್ರೈವ್ ಮಾಡಿದವನು ನಾನು. ಅಲ್ಲಿದ್ದ ಒಬ್ಬ ಅಂಕಲ್ ನನ್ನ ಕಡೆ ಕೈ ತೋರಿಸಿ, "ಇವರು ನಿಮ್ಮ ಅಳಿಯಂದಿರಾ ಸಾರ್?" ಎಂದು ಮಾವನವರನ್ನು ಕೇಳಿದರು.

"ಇವರು ಸುಧಾ ಯಜಮಾನರು" ಎಂದರು ಮಾವ.

ಪ್ರಸಾದದ ಸಜ್ಜಿಗೆಯನ್ನು ನಾನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ ಸುಧಾಳ ಹತ್ತಿರ ಗೊಣಗಿದೆ. "ಎರಡೂ ಒಂದೇ ಅಲ್ವೇನೋ? ಎಲ್ಲದಕ್ಕೂ ಕೊಂಕು ಹುಡುಕ್ತೀಯಪ್ಪ ನೀನು" ಎಂದಳು. "ಒಂದ ಹೆಂಗ ಆಗ್ತದ? ಯಜಮಾನ ನಿನಗ. ಅವರಿಗೆ ನಾ ಏನು?" ಎಂದೆ. ಅವಳು ಕುಕ್ಕರ್ ಕೂಗಿತೆಂದು ಎದ್ದುಹೋದಳು.

ನನ್ನ ಸಂಕಟಕ್ಕೆ ಕಾರಣವಿತ್ತು. ಮಾವನವರನ್ನು ಊರಿಗೆ ಬಿಡಲು ನಾವೂ ಹೊರಡುವವರಿದ್ದೆವು. ಹುಬ್ಬಳ್ಳಿಗೆ ಹೋಗುವ ಮೊದಲು ಮೈಸೂರು. ಅತ್ತೆಮಾವನ ಮನೆಯ ಮೆಟ್ಟಿಲನ್ನು ನಾನು ಮೊದಲ ಸಲ ಹತ್ತುವವನಿದ್ದೆ. ಬೀದಿಯವರೆಲ್ಲ ನೋಡುತ್ತಿರುವಾಗ ಯಾರಾಗಿ ಹತ್ತುವುದು? ಅಲ್ಲಿಯೂ ಸುಧಾಳ ಯಜಮಾನನಾಗಿ ಒಳಗೆ ಹೋಗಿ, ಮರ್ಯಾದೆಯಿಂದ ಕಾಫಿ ಕುಡಿದು, ಮರ್ಯಾದೆಯಿಂದ ಹೊರಗೆ ಬರುವುದೇ?

ದಾರಿಯಲ್ಲಿ ಪ್ರಾಗ್‌ನಲ್ಲಿ ಇಳಿದು ಎರಡು ದಿನ ಇದ್ದು ಹೋಗೋಣ ಎಂಬ ಯೋಚನೆ ನನ್ನದೇ. ಹಳೇ ಊರು, ಹಳೇ ಸೇತುವೆ, ಹಳೇ ಗಡಿಯಾರ ತೋರಿಸಿ ಮಾವನವರನ್ನು ಒಲಿಸಿಕೊಳ್ಳುವ ಹಂಚಿಕೆ. ಪ್ರವಾಸಿಗಳಿಗೆಂದೇ ಇರುವ ಒಂದು ಅಗ್ಗದ ಹಾಸ್ಟೆಲ್ ಬುಕ್ ಮಾಡಿದ್ದೂ ನಾನೇ. ಆಸ್ಟಿನ್‌ನಲ್ಲಿ ಓದುವಾಗ ಕಾರ್ಪೆಟ್ ಮೇಲೆ ಮಲಗಿ ಬೆಳೆದ ದೇಹ ನನ್ನದು, ಮಲಗುವುದಕ್ಕೆ ದುಡ್ಡು ಸುರಿಯುವುದೆಂದರೆ ಮನಸ್ಸೊಪ್ಪುವುದಿಲ್ಲ. ಸುಧಾ ಇದನ್ನು ಜಿಪುಣತನ ಎನ್ನುತ್ತಾಳೆ, ನಾನು ಅಭಿರುಚಿ ಎನ್ನುತ್ತೇನೆ. ಒಂದು ಕಾಲದಲ್ಲಿ ಆ ಹಾಸ್ಟೆಲ್ ಕ್ರೈಸ್ತ ಸನ್ಯಾಸಿಗಳ ಮಠವಾಗಿತ್ತಂತೆ. ದಪ್ಪ ಕಲ್ಲುಗೋಡೆ, ಬಗ್ಗಿ ಹೋಗಬೇಕಾದ ಬಾಗಿಲು, ಸವೆದು ಗುಳಿಬಿದ್ದ ಮೆಟ್ಟಿಲು. ಸುಧಾಳಿಗೆ ಹೆಂಗಸರ ಕೋಣೆ. ನನಗೂ ಮಾವನವರಿಗೂ ನಾಲ್ಕು ಜನ ಮಲಗುವ ಗಂಡಸರ ಕೋಣೆ.

"ಅಪ್ಪನ್ನ ಕರ್ಕೊಂಡು ಬಂದು ಛತ್ರದಲ್ಲಿ ಮಲಗಿಸ್ತಿದ್ದೀಯಲ್ಲೋ" ಎಂದು ಸುಧಾ ಮೆಟ್ಟಿಲಲ್ಲೇ ಪಿಸುಗುಟ್ಟಿದಳು. ಮಾವನವರು ಮಾತ್ರ ಗೋಡೆ ತಟ್ಟಿ ನೋಡಿ, "ಇಷ್ಟು ದಪ್ಪ ಗೋಡೇಲಿ ವೈರಿಂಗ್ ಹೇಗೆ ಎಳೆದ್ರೋ" ಎಂದು ಆಶ್ಚರ್ಯಪಟ್ಟರು. ನನಗೆ ಸ್ವಲ್ಪ ಜೀವ ಬಂತು.

ಕೋಣೆಗೆ ಹೋದಾಗ ಮಧ್ಯಾಹ್ನ. ಎರಡು ಜೋಡಿ ಮಂಚ, ಒಂದರ ಮೇಲೊಂದು. ಆಚೆ ಬದಿಯ ಕೆಳಗಿನ ಮಂಚದಲ್ಲಿ ಪೋರ್ಚುಗಲ್‌ನ ಒಬ್ಬ ಗಡ್ಡದವನು ಮೊಬೈಲ್ ನೋಡುತ್ತ ಬಿದ್ದಿದ್ದ, ಅವನ ಮೇಲಿನ ಮಂಚದಲ್ಲಿ ಆಗಲೇ ಯಾರದೋ ಚೀಲವಿತ್ತು. ನಮಗೆ ಕೊಟ್ಟದ್ದು ಈಚೆಯ ಜೋಡಿ, ಮೇಲೊಂದು, ಕೆಳಗೊಂದು. ವಿಮಾನದಲ್ಲಿ ಇಬ್ಬರೂ ಕಣ್ಣು ಮುಚ್ಚಿರಲಿಲ್ಲ, ಬಿದ್ದರೆ ಸಾಕಾಗಿತ್ತು.

"ಮಾವಾರ, ನೀವ ಕೆಳಗ ಮಲಕೋರಿ, ನಾ ಮ್ಯಾಲ ಹತ್ತತೇನಿ" ಎಂದು ಏಣಿ ಹತ್ತಿಯೇಬಿಟ್ಟೆ. ಮೇಲೆ ಕೂತು ಕಾಲು ಇಳಿಬಿಟ್ಟು ಕೆಳಗೆ ನೋಡುತ್ತೇನೆ, ನನ್ನ ಪಾದಗಳು ಸರಿಯಾಗಿ ಮಾವನವರ ನೆತ್ತಿಯ ಮೇಲೆ! ಹಿರಿಯರ ಕಡೆ ಕಾಲು ಚಾಚಿದರೆ ಮೊಣಕಾಲಿಗೆ ಲಟ್ಟಣಿಗೆಯಿಂದ ಬಡಿಯುತ್ತಿದ್ದ ನನ್ನವ್ವ ಹುಬ್ಬಳ್ಳಿಯಿಂದಲೇ ನೋಡುತ್ತಿದ್ದಾಳೆ ಅನಿಸಿತು. ದಡಬಡ ಇಳಿದುಬಂದೆ. "ಯಾಕ್ರೀ?" ಎಂದರು. "ಬ್ಯಾಡ್ರಿ, ಸರಿ ಕಾಣೂದಿಲ್ಲ" ಎಂದೆ.

"ಹಾಗಾದ್ರೆ ನಾನೇ ಹೋಗ್ತೀನಿ ಬಿಡಿ" ಎಂದು ಮಾವನವರು ಏಣಿಗೆ ಕೈ ಹಾಕಿದರು. ಎರಡು ಮೆಟ್ಟಿಲು ಹತ್ತಿ ನಿಂತರು. ಕೆಳಗೆ ನನ್ನನ್ನು ನೋಡಿದರು, ನಾನು ತಲೆಯಿಡಬೇಕಾದ ದಿಂಬನ್ನು ನೋಡಿದರು. ಹಾಗೇ ಇಳಿದರು.

"ಮಂಡಿ ನೋವೇನ್ರಿ?"

"ಮಂಡಿ ಅಲ್ಲ."

"ಮತ್ತೇನ್ರಿ?"

"ನನ್ನ ಕಾಲು ನಿಮ್ಮ ತಲೆ ಮೇಲೆ ಬರತ್ತೆ. ಅದು ಆಗಲ್ಲ."

"ರೈಲಿನಾಗ ಮಲಗೂದಿಲ್ಲೇನ್ರಿ, ಮ್ಯಾಲೊಬ್ಬರು ಕೆಳಗೊಬ್ಬರು?"

"ರೈಲು ಬೇರೆ ಕಣ್ರೀ. ಅಲ್ಲಿ ಯಾರ ಮೇಲೆ ಯಾರು ಅಂತ ರೈಲ್ವೆಯವರು ಬರೆದಿರ್ತಾರೆ. ಪಾಪ ಏನಿದ್ರೂ ಅವರದು. ಇಲ್ಲಿ ನಾನೇ ಹತ್ತಬೇಕಲ್ಲ!"

ಇದಕ್ಕೆ ನಾನೇನು ಹೇಳಲಿ? ಅವರು ಮೇಲೆ ಹೋಗಲೊಲ್ಲರು, ನಾನೂ ಒಲ್ಲೆ. ಕೊನೆಗೆ ಇಬ್ಬರೂ ಸೇರಿ ಹಾಸಿಗೆಗಳನ್ನು ಎಳೆದು ಎರಡು ಮಂಚಗಳ ನಡುವಿನ ನೆಲಕ್ಕೆ ಹಾಸಿದೆವು. ಪೋರ್ಚುಗಲ್‌ನವನು ಮೊಬೈಲ್ ಬಿಟ್ಟು ನಮ್ಮನ್ನೇ ನೋಡತೊಡಗಿದ. ದಿಂಬು ಇಡುವಷ್ಟರಲ್ಲಿ ಟವೆಲ್ ಕೊಡಲು ಬಂದ ಹಾಸ್ಟೆಲ್‌ನ ಹೆಂಗಸು ಬಾಗಿಲಲ್ಲೇ ನಿಂತಳು. ನೆಲದ ಮೇಲೆ ಹಾಸಿಗೆ ಹಾಕುವಂತಿಲ್ಲ, ಬೆಂಕಿಗಿಂಕಿ ಬಿದ್ದರೆ ದಾರಿಗೆ ಅಡ್ಡ, ಏನಿದು ಎಂದು ಕೇಳಿದಳು. ನಾನು ಬೆನ್ನುನೋವು ಎಂದು ಸುಳ್ಳು ಹೊಂದಿಸುತ್ತಿದ್ದೆ. ಅಷ್ಟರಲ್ಲಿ ಮಾವನವರು ಅಂಗಿ ಸರಿಮಾಡಿಕೊಂಡು ಮುಂದೆ ಬಂದು, ಕಚೇರಿಯ ಇಂಗ್ಲಿಷಿನಲ್ಲಿ ಶುರುಮಾಡಿದರು.

"ಮೇಡಮ್, ದಿಸ್ ಜಂಟಲ್‌ಮನ್ ಈಸ್ ಮೈ ಸನ್-ಇನ್-ಲಾ. ಐ ಕೆನಾಟ್ ಪುಟ್ ಮೈ ಫೀಟ್ ಅಬವ್ ಹಿಸ್ ಹೆಡ್. ಹೀ ಕೆನಾಟ್ ಪುಟ್ ಹಿಸ್ ಫೀಟ್ ಅಬವ್ ಮೈ ಹೆಡ್. ದೇರ್‌ಫೋರ್, ಫ್ಲೋರ್."

ನಾನು ದಿಂಬು ಹಿಡಿದುಕೊಂಡು ನಿಂತೇ ಇದ್ದೆ. ಮರ್ಫಿಯಲ್ಲಿ, ನಮ್ಮವರೇ ತುಂಬಿದ ಮನೆಯಲ್ಲಿ, ಕನ್ನಡದಲ್ಲಿ ಕೇಳಿದರೂ ಬಾರದ ಮಾತು ಇಲ್ಲಿ ಯಾರೋ ಅಪರಿಚಿತ ಹೆಂಗಸಿನ ಮುಂದೆ ಬಂದಿತ್ತು. ಆಕೆಗೆ ಏನು ತಿಳಿಯಿತೋ ಬಿಟ್ಟಿತೋ, ಮಾವನವರ ಮುಖ ನೋಡಿ ನಗದೆ ತಲೆಯಾಡಿಸಿದಳು. ಪೋರ್ಚುಗಲ್‌ನವನ ಹತ್ತಿರ ಎರಡು ಮಾತಾಡಿದಳು. ಅವನು "ನೋ ಪ್ರಾಬ್ಲಮ್" ಎಂದು ತನ್ನ ಹೊದಿಕೆ ಎತ್ತಿಕೊಂಡು ನಮ್ಮ ಬದಿಯ ಮೇಲಿನ ಮಂಚಕ್ಕೆ ಹತ್ತಿದ. ಕೆಳಗಿನ ಎರಡೂ ಮಂಚ ನಮಗಾದವು.

ಮಾವನವರು ಮಲಗಿದರು. ಅವರ ಮೇಲೆ ಪೋರ್ಚುಗಲ್. ಅವನ ಒಂದು ಕಾಲು ಸಾಕ್ಸು ಸಮೇತ ಮಂಚದಿಂದ ಕೆಳಗೆ ಜೋಲುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಮಾವಾರ, ಈಗ ಅವನ ಕಾಲು ನಿಮ್ಮ ತಲಿ ಮ್ಯಾಲ ಅದಲ್ರಿ."

"ಇದ್ರೆ ಇರಲಿ ಬಿಡಿ. ಅವನು ನನಗೇನಾಗಬೇಕು?" ಎಂದರು ಮಾವ, ಕಣ್ಣು ಮುಚ್ಚಿಕೊಂಡೇ. "ನೀವು ಹಾಗಲ್ಲವಲ್ಲ."

ಗೋಡೆ ಕಡೆ ಹೊರಳಿ ಮಲಗಿದೆ, ಕಣ್ಣೀರು ಅವರಿಗೆ ಕಾಣಬಾರದಲ್ಲ. ಹೊರಗೆ ಯಾವುದೋ ಚರ್ಚಿನ ಗಂಟೆ ಹೊಡೆಯುತ್ತಿತ್ತು. ನಿದ್ದೆ ಇಬ್ಬರಿಗೂ ಬರಲಿಲ್ಲ. ಮಾವನವರು ನನ್ನ ಕಡೆ ಹೊರಳಿ, "ನಿಮ್ಮ ತಂದೆಯವರು ಹುಬ್ಬಳ್ಳೀಲಿ ಏನು ಮಾಡ್ತಿದ್ರು ಅಂದ್ರಿ?" ಎಂದರು. ನಾನು ಹಿಂದೆಂದೂ ಹೇಳಿರಲಿಲ್ಲ, ಅವರು ಹಿಂದೆಂದೂ ಕೇಳಿರಲಿಲ್ಲ. ಅಪ್ಪನ ಹೊಲಿಗೆ ಅಂಗಡಿ, ದೀಪಾವಳಿಯ ಹೊತ್ತಿಗೆ ಗುಂಡಿ ಹಚ್ಚಲು ಮನೆಮಂದಿಯೆಲ್ಲ ಕೂರುತ್ತಿದ್ದುದು, ಕರೆಂಟು ಹೋದರೆ ಅಪ್ಪ ವಿದ್ಯುತ್ ಇಲಾಖೆಯವರ ವಂಶವನ್ನೆಲ್ಲ ಬೈಯುತ್ತಿದ್ದುದು, ಎಲ್ಲ ಹೇಳಿದೆ. ಮಾವನವರು ಮಂಚ ಅಲುಗಾಡುವ ಹಾಗೆ ನಕ್ಕರು. "ಬೈಯಲಿ ಬಿಡಿ, ಬೀಗರಲ್ವಾ" ಎಂದರು. ಸುಧಾ ಬಂದು ಬಾಗಿಲು ತಟ್ಟಿದಾಗ ನಾವಿನ್ನೂ ಮಾತಾಡುತ್ತಲೇ ಇದ್ದೆವು. ಸೇತುವೆಯೂ ಗಡಿಯಾರವೂ ಆ ದಿನ ನಮಗೆ ಸಿಗಲಿಲ್ಲ.

ಮೈಸೂರಿನಲ್ಲಿ ಮನೆ ಮುಂದೆ ಟ್ಯಾಕ್ಸಿ ನಿಂತಾಗ ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದ ಇಣುಕಿದರು. ಅತ್ತೆ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿದ್ದರು. ಮಾವನವರು ನಮ್ಮೆಲ್ಲರಿಗಿಂತ ಮೊದಲು ಸರಸರನೆ ಒಳಗೆ ಹೋಗಿ ಒಂದು ಚೊಂಬು ನೀರು ತಂದರು. ಕಾಲು ತೊಳೆದುಕೊಳ್ಳಲು ಕೊಡುತ್ತಾರೆಂದು ನಾನು ಕೈ ಚಾಚಿದೆ. ಅವರು ಚೊಂಬು ಕೊಡಲಿಲ್ಲ. ಮೆಟ್ಟಿಲ ಮೇಲೆ ಬಗ್ಗಿ, "ಬೂಟು ಬಿಚ್ಚಿ" ಎಂದರು.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಮಕ್ಕಳ ಮಂಚ ಮಂಚದ ಆಕಾರಕ್ಕೆ ಬಂದಿತ್ತು. ಸುಧಾ ಎರಡಕ್ಕೂ ಹಾಸಿಗೆ ಹಾಕಿದಳು. ಮೈಸೂರಿಗೆ ವಿಡಿಯೋ ಕರೆ ಮಾಡಿ, ಹೊಸ ಮಂಚ ನೋಡಲೆಂದು ಫೋನನ್ನು ಕೆಳಗಿನ ಮಂಚದ ದಿಂಬಿಗೆ ಒರಗಿಸಿಟ್ಟಳು. ನಾನು ಉಳಿದ ಒಂದು ಸ್ಕ್ರೂ ಬಿಗಿಮಾಡಲು ಮೇಲೆ ಹತ್ತಿ ಕೂತಿದ್ದೆ.

"ಯಾರದು, ಮೇಲೆ ಹತ್ತಿರೋದು?" ಕೆಳಗಿನಿಂದ ಮಾವನವರ ದನಿ.

"ನಾನ್ರೀ ಮಾವಾರ. ಒಂದ ಸ್ಕ್ರೂ ಉಳದದ."

"ಇಳೀರಿ ಇಳೀರಿ! ನಾನಿಲ್ಲಿ ಕೆಳಗಿದ್ದೀನಿ!"

ಮಕ್ಕಳಿಬ್ಬರೂ ಜಗಳ ಬಿಟ್ಟು ಕೇಕೆ ಹಾಕಿ ನಕ್ಕರು. "ಕ್ಯಾನ್ ಐ ಗೋ ಅಪ್, ತಾತ?" ಎಂದು ಸಿರಿ ಕೇಳಿದಳು.

"ನೀನು ಹತ್ತು ಪುಟ್ಟ. ನಿನ್ನ ಕಾಲು ತಾತನ ತಲೆ ಮೇಲೆ ಇದ್ರೂ ಆಗತ್ತೆ, ಎದೆ ಮೇಲೆ ಇದ್ರೂ ಆಗತ್ತೆ. ನಿಮ್ಮಪ್ಪ ಅಳಿಯ ಕಣಮ್ಮ. ಅವರು ಹಾಗೆಲ್ಲ ಮಾಡೋ ಹಾಗಿಲ್ಲ."

ನಾನು ಇಳಿದೆ. ಬೆರಳು ತೂರಿಸಲು ಸಂದಿಯಿಲ್ಲ ಎಂದು ಒಮ್ಮೆ ಬೈದುಕೊಂಡಿದ್ದ ಆ ಮರ್ಯಾದೆ ಈಗ ಏಳು ಸಮುದ್ರದಾಚೆಯಿಂದ ಗದರಿಸಿದರೂ ಹಿತವಾಗಿತ್ತು. ಫೋನನ್ನು ಕೈಗೆತ್ತಿಕೊಂಡು, ಅವರ ಮುಖ ನನ್ನ ಮುಖದ ಮಟ್ಟಕ್ಕೆ ಬರುವ ಹಾಗೆ ಹಿಡಿದು ನೆಲದ ಮೇಲೆ ಕೂತೆ. ಸ್ಕ್ರೂ ಹಾಗೇ ಸಡಿಲವಾಗಿ ಉಳಿಯಿತು. ಮಾತು ಮುಗಿದ ಮೇಲೆ ನೋಡಿದರಾಯಿತು.